ತಾರೆಯನ್ನು ಬಿಟ್ಟುಕೊಟ್ಟ ತಂಡ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಬರುವ ಕ್ಲಬ್‌ಗಳ, ಕೋಚ್‌ಗಳ ಮತ್ತು ಆಟಗಾರರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಯುರೋಪಿನ ಫುಟ್‌ಬಾಲನ್ನು ಬಲ್ಲವರಿಗೆ ಇವರು ಯಾರೆಂದು ಬೇಗನೆ ಹೊಳೆಯಬಹುದು. ಆದರೂ ಹೆಸರು ಬೇಡವೆನ್ನಲು ಕಾರಣವಿದೆ. ಹೆಸರು ಕಿವಿಗೆ ಬಿದ್ದೊಡನೆ ಮುಂದೆ ನಡೆದದ್ದೆಲ್ಲ ನೆನಪಾಗುತ್ತದೆ, ಅದು ನೆನಪಾದರೆ ಅಂದಿನ ನಿರ್ಧಾರಗಳೆಲ್ಲ ತೀರ ಸುಲಭವಾಗಿದ್ದವೆಂಬ ಭ್ರಮೆ ಹುಟ್ಟುತ್ತದೆ. 2008ರ ಬೇಸಿಗೆಯಲ್ಲಿ ಆ ನಿರ್ಧಾರಗಳನ್ನು ಮಾಡಬೇಕಾದವರಿಗೆ ಅವು ಸುಲಭವಾಗಿರಲಿಲ್ಲ. ಆದ್ದರಿಂದ ಇಲ್ಲಿ ಎಲ್ಲರನ್ನೂ ಅವರವರ ಪಾತ್ರದಿಂದಲೇ ಕರೆಯುತ್ತೇನೆ: ತಾರಾ ಆಟಗಾರ, ಸ್ಟ್ರೈಕರ್, ಎಳೆಯ ಆಟಗಾರ, ಹೊಸ ಕೋಚ್.

ಅಮೆರಿಕದ ಲೀಗ್‌ಗಳಲ್ಲಿ ಆಟಗಾರನನ್ನು ಕೊಟ್ಟು ಆಟಗಾರನನ್ನೇ ಪಡೆಯುವ ವಿನಿಮಯ ಸಾಮಾನ್ಯ. ಉಳಿದ ಕಡೆ ಫುಟ್‌ಬಾಲಿನಲ್ಲಿ ಹೆಚ್ಚಾಗಿ ನಡೆಯುವುದು ಹಣಕ್ಕೆ ಮಾರಾಟ. ಈ ಪ್ರಕರಣದಲ್ಲಿ ಎರಡೂ ಇವೆ, 2008ರಲ್ಲಿ ಮಾರಾಟ, 2009ರಲ್ಲಿ ವಿನಿಮಯ. ಮೊದಲನೆಯದು ತಂಡವನ್ನು ಒಗ್ಗೂಡಿಸಿತು, ಎರಡನೆಯದು ಹೊಸದೊಂದು ಬಿರುಕನ್ನು ತಂದಿತು. ಅದೇ ಕ್ಲಬ್, ಅದೇ ಕೋಚ್, ಬಹುಪಾಲು ಅದೇ ಆಟಗಾರರು ಇದ್ದೂ ಹೀಗೇಕಾಯಿತು ಎಂಬುದು ಈ ಅಧ್ಯಯನದ ಪ್ರಶ್ನೆ.

ಹಿನ್ನೆಲೆ

ಸ್ಪೇನ್‌ನ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುವ ಈ ಹಳೆಯ ಕ್ಲಬ್ಬಿಗೆ ಒಬ್ಬ ಧಣಿಯಿಲ್ಲ. ಅದರ ಸದಸ್ಯರೇ ಒಡೆಯರು, ಅಧ್ಯಕ್ಷರನ್ನು ಮತ ಹಾಕಿ ಆರಿಸುವವರೂ ಅವರೇ. 1999ರಲ್ಲಿ ಲೀಗ್ ಗೆದ್ದ ಮೇಲೆ ಕ್ಲಬ್ಬಿಗೆ ಮತ್ತೊಂದು ಪ್ರಶಸ್ತಿ ದಕ್ಕಿರಲಿಲ್ಲ. 2003ರಲ್ಲಿ ಹೊಸ ಆಡಳಿತ ಮಂಡಳಿ ಬಂದಿತು, ಅದೇ ಬೇಸಿಗೆಯಲ್ಲಿ ಫ್ರಾನ್ಸ್‌ನ ಕ್ಲಬ್ ಒಂದರಿಂದ ಬ್ರೆಜಿಲ್‌ನ 23 ವರ್ಷದ ತಾರಾ ಆಟಗಾರನನ್ನು ಕರೆತಂದಿತು. ಮುಂದಿನ ಮೂರು ವರ್ಷಗಳಲ್ಲಿ ಕ್ಲಬ್ ಎರಡು ಬಾರಿ ಲೀಗ್ ಗೆದ್ದಿತು, 2006ರ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗನ್ನೂ ಗೆದ್ದಿತು. ಯುರೋಪಿನ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು 2005ರಲ್ಲಿ ಆತನಿಗೆ ಬಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ರಾಜಧಾನಿಯ ಬದ್ಧ ವೈರಿಯ ಅಂಗಳದಲ್ಲಿ ಆತ ಎರಡು ಗೋಲು ಹೊಡೆದಾಗ ಎದುರಾಳಿ ಅಭಿಮಾನಿಗಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಗೋಲುಗಳ ಲೆಕ್ಕಕ್ಕಿಂತ ಮುಖ್ಯವಾದ ಕೆಲಸವೊಂದನ್ನು ಆತ ಮಾಡಿದ್ದ. ಸೋಲಿಗೆ ಒಗ್ಗಿಹೋಗಿದ್ದ ಕ್ಲಬ್ಬಿಗೆ ನಗುವನ್ನು ಮರಳಿ ಕಲಿಸಿದವನು ಆತ. ಕ್ಲಬ್ಬಿನ ಯುವ ಶಾಲೆಯಿಂದ ಬಂದ ಅರ್ಜೆಂಟೀನಾದ ಹುಡುಗನೊಬ್ಬನನ್ನು ಡ್ರೆಸ್ಸಿಂಗ್ ರೂಮಿನಲ್ಲಿ ತಮ್ಮನಂತೆ ನೋಡಿಕೊಂಡವನೂ ಆತನೇ; ನಾನು ಎಳೆಯ ಆಟಗಾರನೆನ್ನುವುದು ಈ ಹುಡುಗನನ್ನೇ. 2005ರ ಮೇ 1ರಂದು 17ರ ಆ ಹುಡುಗ ಹೊಡೆದ ಮೊದಲ ಲೀಗ್ ಗೋಲಿಗೆ ಚೆಂಡು ಎತ್ತಿ ಕೊಟ್ಟದ್ದು ಇದೇ ತಾರಾ ಆಟಗಾರ. ಮೂರು ವರ್ಷಗಳ ಬಳಿಕ ಆತನನ್ನು ಮಾರಬೇಕೆಂದವರೆಲ್ಲ ಒಂದು ರೀತಿಯಲ್ಲಿ ಆತನ ಉಪ್ಪು ತಿಂದವರೇ ಆಗಿದ್ದರು. ಇಂಥ ಋಣವೊಂದು ಇದ್ದುದರಿಂದಲೇ ನಿರ್ಧಾರ ತಡವಾಯಿತೆಂದು ನನ್ನ ಅಭಿಪ್ರಾಯ.

ಸಮಸ್ಯೆ

2006–07ರ ಋತುವಿನ ಕೊನೆಗೆ ಕ್ಲಬ್ ಮತ್ತು ರಾಜಧಾನಿಯ ವೈರಿ ತಂಡ ತಲಾ 76 ಅಂಕ ಗಳಿಸಿದ್ದವು. ಪರಸ್ಪರ ಪಂದ್ಯಗಳ ಫಲಿತಾಂಶದ ಆಧಾರದಲ್ಲಿ ಪ್ರಶಸ್ತಿ ವೈರಿಗೆ ಹೋಯಿತು. ಅದನ್ನು ದುರದೃಷ್ಟವೆಂದು ಹೇಳಿ ಸಮಾಧಾನಪಟ್ಟುಕೊಳ್ಳಬಹುದಿತ್ತು, ಹಲವರು ಹಾಗೆಯೇ ಮಾಡಿದರು. ಮರುವರ್ಷ ಆ ಸಮಾಧಾನಕ್ಕೂ ಜಾಗವಿರಲಿಲ್ಲ. 67 ಅಂಕಗಳೊಂದಿಗೆ ತಂಡ ಮೂರನೆಯ ಸ್ಥಾನಕ್ಕೆ ಇಳಿಯಿತು, ಮೊದಲ ಸ್ಥಾನಕ್ಕೂ ತನಗೂ 18 ಅಂಕಗಳ ಅಂತರ. 2008ರ ಮೇ 7ರಂದು ಆಗಲೇ ಚಾಂಪಿಯನ್ ಆಗಿದ್ದ ವೈರಿ ತಂಡಕ್ಕೆ ಅವರ ಅಂಗಳದಲ್ಲೇ ಎರಡು ಸಾಲಾಗಿ ನಿಂತು ಗೌರವ ಸಲ್ಲಿಸಬೇಕಾಯಿತು, ಆಮೇಲೆ ಅದೇ ಪಂದ್ಯವನ್ನು 4–1ರಿಂದ ಸೋಲಬೇಕಾಯಿತು.

ಅಂಕಪಟ್ಟಿಯಲ್ಲಿ ಕಂಡದ್ದು ರೋಗದ ಲಕ್ಷಣ ಮಾತ್ರ. ಅಂದಿನ ಕೋಚ್ ಮೆದು ಸ್ವಭಾವದವರು; ದೊಡ್ಡ ಆಟಗಾರರು ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆಂಬ ನಂಬಿಕೆ ಅವರದು. ತಂಡಕ್ಕೆ ಗೆಲುವಿನ ಹಸಿವಿದ್ದಷ್ಟು ದಿನ ಆ ನಂಬಿಕೆ ಸುಳ್ಳಾಗಲಿಲ್ಲ. ಪ್ಯಾರಿಸ್‌ನ ಗೆಲುವಿನ ನಂತರ ತಾರಾ ಆಟಗಾರ ತಂಡದೊಡನೆ ಅಭ್ಯಾಸ ಮಾಡುವ ಬದಲು ಜಿಮ್‌ನಲ್ಲೇ ಉಳಿಯುವ ದಿನಗಳು ಹೆಚ್ಚಾದವು, ಆತನ ರಾತ್ರಿಗಳ ಸುದ್ದಿ ಪತ್ರಿಕೆಗಳಿಗೆ ಮೇವಾಯಿತು. 2007ರ ಫೆಬ್ರುವರಿಯಲ್ಲಿ ಪಂದ್ಯವೊಂದರ ಕೊನೆಯ ನಿಮಿಷಗಳಲ್ಲಿ ಕಣಕ್ಕಿಳಿಯಲು ಸ್ಟ್ರೈಕರ್, ಅಂದರೆ ತಂಡದ ಮುಂಚೂಣಿಯಲ್ಲಿ ಗೋಲು ಹೊಡೆಯುವ ಆಟಗಾರ, ಒಪ್ಪಲಿಲ್ಲವೆಂದು ಕೋಚ್ ಹೇಳಿದರು. ಕೆಲವೇ ದಿನಗಳಲ್ಲಿ ಸ್ಟ್ರೈಕರ್ ಮಾಧ್ಯಮದವರ ಮುಂದೆಯೇ ಕೋಚ್ ಮೇಲೆ ಹರಿಹಾಯ್ದ, ತಾರಾ ಆಟಗಾರನ ಮಾತಿಗೂ ಬಿರುಸಾಗಿ ಉತ್ತರ ಕೊಟ್ಟ. ಕ್ಲಬ್ ಅದನ್ನು ಮಾತುಕತೆಯಲ್ಲೇ ಮುಗಿಸಿತು. ಇಡೀ ಪ್ರಕರಣದ ಮೊದಲ ತಿರುವು ಇದೇ ಎಂದು ನಾನು ಎಣಿಸುತ್ತೇನೆ. ಏಕೆಂದರೆ ಅಂದು ಡ್ರೆಸ್ಸಿಂಗ್ ರೂಮಿನಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿದ ವಿಷಯವೆಂದರೆ, ನಿಯಮಗಳು ಇವೆ, ಆದರೆ ಅವು ಯಾರಿಗೆ ಎಷ್ಟು ಅನ್ವಯವಾಗುತ್ತವೆ ಎಂಬುದು ಆಟಗಾರನ ತೂಕವನ್ನು ನೋಡಿ ನಿರ್ಧಾರವಾಗುತ್ತದೆ.

ಮದುವೆಮನೆಯ ಊಟದಲ್ಲಿ ಪಂಕ್ತಿಭೇದ ಮಾಡಿದರೆ ಹೋಳಿಗೆ ಸಿಗದವನು ಮಾತ್ರವಲ್ಲ, ಎರಡು ಹೋಳಿಗೆ ಸಿಕ್ಕವನೂ ತಲೆ ಎತ್ತಿ ಉಣ್ಣಲಾರ. ಇಲ್ಲಿಯೂ ಅದೇ ಆಯಿತು. ವಿನಾಯಿತಿ ಸಿಗದ ಆಟಗಾರರು ಒಳಗೊಳಗೇ ಕುದಿದರು, ವಿನಾಯಿತಿ ಪಡೆದ ತಾರಾ ಆಟಗಾರನಿಗೂ ಅದರಿಂದ ಒಳಿತಾಗಲಿಲ್ಲ. 2008ರ ಮಾರ್ಚ್ ಬಳಿಕ ಸ್ನಾಯು ಗಾಯದಿಂದಾಗಿ ಆತ ಕ್ಲಬ್ಬಿನ ಪರವಾಗಿ ಮತ್ತೆ ಮೈದಾನಕ್ಕಿಳಿಯಲಿಲ್ಲ. ಇದೆಲ್ಲದರ ನಡುವೆ ಆಡಳಿತದವರನ್ನು ಹೆಚ್ಚು ಕಾಡಿದ್ದು ಎಳೆಯ ಆಟಗಾರನ ಚಿಂತೆ. ಆತ ಆಗಲೇ ತಂಡದ ಅತ್ಯುತ್ತಮರಲ್ಲಿ ಒಬ್ಬನಾಗಿದ್ದ, ಆದರೆ ಆತ ಅಣ್ಣನೆಂದು ಭಾವಿಸಿದ್ದು ತಾರಾ ಆಟಗಾರನನ್ನು. ಅಣ್ಣನ ಆಟದೊಂದಿಗೆ ಅಣ್ಣನ ದಿನಚರಿಯನ್ನೂ ಕಲಿತರೆ ಗತಿಯೇನು ಎಂಬ ಮಾತು ಆ ದಿನಗಳಲ್ಲಿ ಬಹಿರಂಗವಾಗಿಯೇ ಕೇಳಿಬರುತ್ತಿತ್ತು.

ನಿರ್ಧಾರ

ಹೊಸ ಕೋಚ್ ಆಗಿ ಹೆಸರಾಂತ ಪೋರ್ಚುಗೀಸ್ ಕೋಚ್ ಒಬ್ಬರನ್ನು ಕ್ಲಬ್ಬಿನವರು ಮಾತನಾಡಿಸಿ ಬಂದಿದ್ದರು. ಕೊನೆಗೆ ಆರಿಸಿದ್ದು ತಮ್ಮದೇ ಹಳೆಯ ಮಿಡ್‌ಫೀಲ್ಡರ್‌ನನ್ನು. ಅವರಿಗೆ 37 ವರ್ಷ. ಕೋಚ್ ಆಗಿ ಇದ್ದ ಅನುಭವವೆಂದರೆ ನಾಲ್ಕನೆಯ ದರ್ಜೆಯಲ್ಲಿ ಆಡುತ್ತಿದ್ದ ಕ್ಲಬ್ಬಿನ ಎರಡನೆಯ ತಂಡವನ್ನು ಒಂದು ವರ್ಷ ನಡೆಸಿ ಮೇಲಿನ ದರ್ಜೆಗೆ ಏರಿಸಿದ್ದು.

2008ರ ಜೂನ್ 17ರಂದು, ಅಧಿಕಾರ ವಹಿಸಿಕೊಂಡ ದಿನವೇ, ಮೂವರಿಲ್ಲದೆ ತಂಡ ಕಟ್ಟಲು ಯೋಚಿಸಿರುವುದಾಗಿ ಅವರು ಪತ್ರಕರ್ತರ ಮುಂದೆ ಹೇಳಿದರು: ತಾರಾ ಆಟಗಾರ, ಪೋರ್ಚುಗಲ್ ಪರ ಆಡುತ್ತಿದ್ದ ಹಿರಿಯ ಮಿಡ್‌ಫೀಲ್ಡರ್ ಮತ್ತು ಸ್ಟ್ರೈಕರ್. ಮಾರಾಟದ ಮಾತುಕತೆಯ ದೃಷ್ಟಿಯಿಂದ ನೋಡಿದರೆ ಇದು ಜಾಣತನವಲ್ಲ. ಬೇಡವೆಂದು ಜಗಜ್ಜಾಹೀರು ಮಾಡಿದ ವಸ್ತುವಿಗೆ ಒಳ್ಳೆಯ ಬೆಲೆ ಬರುವುದಿಲ್ಲ. ಮಿಡ್‌ಫೀಲ್ಡರ್ ಸುಮಾರು 1 ಕೋಟಿ ಯೂರೊಗೆ ಲಂಡನ್‌ನ ಕ್ಲಬ್ ಒಂದಕ್ಕೆ ಹೋದ. ತಾರಾ ಆಟಗಾರನಿಗೆ ಇಂಗ್ಲೆಂಡಿನ ಇನ್ನೊಂದು ಕ್ಲಬ್ ಹೆಚ್ಚು ಹಣ ಕೊಡಲು ಸಿದ್ಧವಿದ್ದರೂ ಆತನ ಮನಸ್ಸು ಇದ್ದದ್ದು ಇಟಲಿಯ ಮಿಲಾನ್ ಕ್ಲಬ್ಬಿನ ಕಡೆಗೆ; ಸುಮಾರು 2.1 ಕೋಟಿ ಯೂರೊಗೆ ಜುಲೈನಲ್ಲಿ ಆತ ಅಲ್ಲಿಗೆ ತೆರಳಿದ. ಎರಡು ವರ್ಷ ಮೊದಲು, ಕೀರ್ತಿಯ ತುದಿಯಲ್ಲಿದ್ದಾಗ ಮಾರಿದ್ದರೆ ಇದಕ್ಕಿಂತ ಬಹಳ ಹೆಚ್ಚು ಬರುತ್ತಿತ್ತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಕೋಚ್ ಆ ಮಾತನ್ನು ಆಡಿದ್ದು ಕೊಳ್ಳುವವರಿಗಾಗಿ ಅಲ್ಲ, ಉಳಿಯುವವರಿಗಾಗಿ. ದೊಡ್ಡ ಹೆಸರೂ ತಂಡದಿಂದ ಹೊರಗೆ ಹೋಗಬಹುದು ಎಂಬುದು ಅವರಿಗೆ ಅಂದೇ ತಿಳಿಯಬೇಕಿತ್ತು.

ಈ ನಿರ್ಧಾರಕ್ಕೆ ಬೆಂಬಲವಾಗಿ ನಿಲ್ಲಬೇಕಿದ್ದ ಆಡಳಿತ ಮಂಡಳಿಯ ಕುರ್ಚಿಯೇ ಆಗ ಅಲುಗಾಡುತ್ತಿತ್ತು. ಜುಲೈ 6ರಂದು ಅಧ್ಯಕ್ಷರ ಮೇಲೆ ಅವಿಶ್ವಾಸದ ಮತದಾನ ನಡೆದು ಮತ ಹಾಕಿದ ಸದಸ್ಯರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಅವರ ವಿರುದ್ಧ ನಿಂತರು. ಕೆಳಗಿಳಿಸಲು ಮೂರನೆಯ ಎರಡು ಭಾಗದಷ್ಟು ಮತ ಬೇಕಿದ್ದುದರಿಂದ ಮಾತ್ರ ಅವರು ಉಳಿದರು. ಹಲವು ನಿರ್ದೇಶಕರು ರಾಜೀನಾಮೆ ಕೊಟ್ಟು ಹೋದರು. ಇಂಥ ಹೊತ್ತಿನಲ್ಲಿ ಜನಪ್ರಿಯ ಆಟಗಾರನನ್ನು ಉಳಿಸಿಕೊಂಡು ಸದಸ್ಯರ ಪ್ರೀತಿ ಗಳಿಸುವ ಆಸೆ ಯಾವ ಅಧ್ಯಕ್ಷನಿಗೂ ಬರಬಹುದಿತ್ತು. ಆ ಅಧ್ಯಕ್ಷರ ಬಗ್ಗೆ ಬೇರೆ ತಕರಾರುಗಳು ಏನೇ ಇರಲಿ, ಈ ಒಂದು ವಿಷಯದಲ್ಲಿ ಅವರು ಹಿಂದೆ ಸರಿಯಲಿಲ್ಲ.

ಮಾರಾಟದ ಜೊತೆಗೆ ಮಾಡಿದ ಕೆಲಸಗಳು

ಈ ಪ್ರಕರಣವನ್ನು ನೆನೆಯುವವರು ಸಾಮಾನ್ಯವಾಗಿ ಮಾರಾಟದ ಮಾತನ್ನಷ್ಟೇ ಆಡುತ್ತಾರೆ. ಮಾರಾಟದಿಂದ ಆದದ್ದು ಒಂದು ಜಾಗ ಖಾಲಿಯಾದದ್ದು ಅಷ್ಟೆ. ಆ ಜಾಗವನ್ನು ತುಂಬಿದ ರೀತಿಯಲ್ಲಿ ಇಡೀ ಪ್ರಕರಣದ ಸಾರವಿದೆ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಡೆದ ಋತುಪೂರ್ವ ಶಿಬಿರದಿಂದಲೇ ನಿಯಮಗಳು ಜಾರಿಗೆ ಬಂದವು. ತಡವಾಗಿ ಬಂದವರಿಗೆ ದಂಡ, ಅದು ನಾಯಕನಾದರೂ ಸರಿಯೆ. ಆಟಗಾರರು ಒಟ್ಟಿಗೆ ಕುಳಿತು ಉಣ್ಣಬೇಕು. ಅಭ್ಯಾಸ ಕ್ರಮೇಣ ಮುಖ್ಯ ಕ್ರೀಡಾಂಗಣದ ಪಕ್ಕದ ಇಕ್ಕಟ್ಟಾದ ಅಂಗಳದಿಂದ ಊರಾಚೆಯ ಹೊಸ ತರಬೇತಿ ಕೇಂದ್ರಕ್ಕೆ ಹೋಯಿತು. ಅಲ್ಲಿ ಪತ್ರಕರ್ತರಿಗೂ ಅಭಿಮಾನಿಗಳಿಗೂ ದಿನವೂ ಪ್ರವೇಶವಿರಲಿಲ್ಲ. ಎರಡನೆಯ ತಂಡದಲ್ಲಿ ತಾವೇ ಬೆಳೆಸಿದ್ದ ಇಬ್ಬರು ಹುಡುಗರನ್ನು ಕೋಚ್ ಮೇಲಕ್ಕೆ ತಂದರು. ಯುವ ಶಾಲೆಯಲ್ಲಿ ಬೆಳೆದು ಇಂಗ್ಲೆಂಡಿಗೆ ಹೋಗಿದ್ದ ರಕ್ಷಣಾ ಆಟಗಾರನೊಬ್ಬನನ್ನು ಸುಮಾರು 50 ಲಕ್ಷ ಯೂರೊಗೆ ಮರಳಿ ಕರೆಸಿದರು. ತಾರಾ ಆಟಗಾರ ಬಿಟ್ಟುಹೋದ 10ನೆಯ ಸಂಖ್ಯೆಯ ಅಂಗಿ ಎಳೆಯ ಆಟಗಾರನಿಗೆ ಸಿಕ್ಕಿತು.

ಇವೆಲ್ಲಕ್ಕಿಂತ ದೊಡ್ಡ ತಿರುವೆಂದು ನನಗೆ ಕಾಣುವುದು ಆಗಸ್ಟ್‌ನಲ್ಲಿ ನಡೆದದ್ದು. ಎಳೆಯ ಆಟಗಾರನಿಗೆ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ದೇಶಕ್ಕಾಗಿ ಆಡುವ ಆಸೆ. ಕ್ಲಬ್ಬಿಗೆ ಅದೇ ತಿಂಗಳು ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯ. ವ್ಯಾಜ್ಯ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಹೋಯಿತು, ಆಟಗಾರನನ್ನು ಬಿಟ್ಟುಕೊಡಬೇಕಾದ ಕಟ್ಟುಪಾಡು ಕ್ಲಬ್ಬಿಗೆ ಇಲ್ಲವೆಂದು ಆಗಸ್ಟ್ 6ರಂದು ತೀರ್ಪು ಬಂದಿತು. ಕ್ಲಬ್ ಗೆದ್ದಿತ್ತು. ಗೆದ್ದ ಮೇಲೂ ಕೋಚ್ ಆತನಿಗೆ ಹೋಗಲು ಅನುಮತಿ ಕೊಟ್ಟರು. 1992ರಲ್ಲಿ ಸ್ವದೇಶದಲ್ಲೇ ನಡೆದ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರೂ ಇದ್ದರು; ಆ ಪದಕದ ಬೆಲೆ ಅವರಿಗೆ ಗೊತ್ತಿತ್ತು. ಹುಡುಗ ಚಿನ್ನ ಗೆದ್ದು ಮರಳಿ ಬಂದ. ಅಣ್ಣನಂತಿದ್ದವನನ್ನು ಕಳುಹಿಸಿದ ಕೋಚ್ ಬಗ್ಗೆ ಆ ಹುಡುಗನ ಮನಸ್ಸಿನಲ್ಲಿ ಅಸಮಾಧಾನ ಉಳಿದಿದ್ದರೆ ಅದು ಕರಗಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಒಬ್ಬನಿಗೆ ಕೊಡುವ ವಿನಾಯಿತಿ ಎಲ್ಲ ಸಂದರ್ಭದಲ್ಲೂ ಪಂಕ್ತಿಭೇದವಾಗುವುದಿಲ್ಲ ಎಂಬುದನ್ನೂ ಈ ಘಟನೆ ತೋರಿಸುತ್ತದೆ. ಕಾರಣ ಎಲ್ಲರಿಗೂ ಕಾಣುವಂತಿತ್ತು, ಅದು ಸೋಮಾರಿತನಕ್ಕೆ ಕೊಟ್ಟ ರಿಯಾಯಿತಿಯಾಗಿರಲಿಲ್ಲ.

ಇನ್ನೊಂದು ತಿರುವು ಸ್ಟ್ರೈಕರ್‌ನದು. ಆತನಿಗೆ ತಕ್ಕ ಕೊಳ್ಳುವವರು ಸಿಗದೆ ಆತ ಶಿಬಿರಕ್ಕೆ ಬಂದ. ಬಂದವನು ಮುನಿಸಿಕೊಂಡು ಮೂಲೆ ಸೇರಲಿಲ್ಲ, ಎಲ್ಲರಿಗಿಂತ ಹೆಚ್ಚು ಬೆವರು ಸುರಿಸಿದ. ಜೂನ್‌ನಲ್ಲಿ ಜಗತ್ತಿನ ಮುಂದೆ ಆಡಿದ ಮಾತನ್ನು ಕೋಚ್ ಆಗಸ್ಟ್‌ನಲ್ಲಿ ಹಿಂದಕ್ಕೆ ತೆಗೆದುಕೊಂಡರು. ಹೊಸಬರು ಇಂಥಲ್ಲಿ ಹಟ ಹಿಡಿಯುವುದೇ ಹೆಚ್ಚು. ಆಡಿದ ಮಾತಿನಿಂದ ಹಿಂದೆ ಸರಿದರೆ ಅಧಿಕಾರ ಸಡಿಲವಾಗುತ್ತದೆಂಬ ಭಯ ಅವರಿಗಿರುತ್ತದೆ. ಇಲ್ಲಿ ಅಧಿಕಾರ ಸಡಿಲವಾಗಲಿಲ್ಲ, ಏಕೆಂದರೆ ಉಳಿಯಲು ಏನು ಮಾಡಬೇಕೆಂಬುದು ಇತರರಿಗೆ ಆತನ ಉದಾಹರಣೆಯಿಂದ ಇನ್ನಷ್ಟು ಸ್ಪಷ್ಟವಾಯಿತು.

ಏನಾಯಿತು

ಮೊದಲು ಆದದ್ದು ಸೋಲು. ಆಗಸ್ಟ್ 31ರಂದು ಸೋರಿಯಾ ಎಂಬ ಪುಟ್ಟ ಊರಿನ, ಆಗಷ್ಟೇ ಮೇಲಿನ ದರ್ಜೆಗೆ ಬಂದಿದ್ದ ತಂಡದೆದುರು 1–0. ಎರಡನೆಯ ಪಂದ್ಯ ತಮ್ಮದೇ ಅಂಗಳದಲ್ಲಿ 1–1ರ ಡ್ರಾ. ಆ ಪಂದ್ಯದಲ್ಲಿ ಎರಡನೆಯ ತಂಡದಿಂದ ಬಂದ ಅನನುಭವಿ ಮಿಡ್‌ಫೀಲ್ಡರ್‌ನನ್ನು ಆಡಿಸಿದ್ದಕ್ಕೆ ಟೀಕೆ. ಎರಡು ಪಂದ್ಯಗಳಿಂದ ಒಂದು ಅಂಕ. ಇಲ್ಲಿಗೆ ಕಥೆಯನ್ನು ನಿಲ್ಲಿಸಿ ಕೇಳಿದ್ದರೆ, ತಾರಾ ಆಟಗಾರನನ್ನು ಮಾರಿದ್ದು ಅನನುಭವಿಯ ದುಡುಕೆಂದು ಹೇಳುವವರೇ ಹೆಚ್ಚಿರುತ್ತಿದ್ದರು. ಮೂರನೆಯ ಪಂದ್ಯಕ್ಕೂ ಅದೇ ಯುವಕನನ್ನು ಕೋಚ್ ಕೈಬಿಡಲಿಲ್ಲ. ಆ ದಿನ ಗಿಹೋನ್‌ನಲ್ಲಿ ತಂಡ 6–1ರಿಂದ ಗೆದ್ದಿತು.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಲೀಗ್‌ನಲ್ಲಿ 87 ಅಂಕ, 105 ಗೋಲು. 2009ರ ಮೇ 2ರಂದು ರಾಜಧಾನಿಯ ವೈರಿಯನ್ನು ಅವರ ಅಂಗಳದಲ್ಲೇ 6–2ರಿಂದ ಸೋಲಿಸಿತು. ಅದೇ ತಿಂಗಳು ದೇಶದ ಕಪ್, ಲೀಗ್, ರೋಮ್‌ನಲ್ಲಿ ಚಾಂಪಿಯನ್ಸ್ ಲೀಗ್, ಮೂರೂ ಒಂದೇ ಋತುವಿನಲ್ಲಿ. ಸ್ಪೇನ್‌ನ ಯಾವ ಕ್ಲಬ್ಬೂ ಅದನ್ನು ಮೊದಲು ಸಾಧಿಸಿರಲಿಲ್ಲ. ಎಳೆಯ ಆಟಗಾರ 38 ಗೋಲು ಹೊಡೆದ, ಮಾರಬೇಕೆಂದಿದ್ದ ಸ್ಟ್ರೈಕರ್ 36.

ಮೇ 2ರ ಪಂದ್ಯದ ಒಂದು ವಿವರ ಈ ಅಧ್ಯಯನಕ್ಕೆ ತುಂಬ ಮುಖ್ಯ. ಅಂದು ಕೋಚ್ ಎಳೆಯ ಆಟಗಾರನನ್ನು ನಡುವಿಗೆ ತಂದು ಸ್ಟ್ರೈಕರ್‌ನನ್ನು ಬಲಬದಿಗೆ ಕಳುಹಿಸಿದರು. ರೋಮ್‌ನ ಫೈನಲ್‌ನಲ್ಲೂ ಅದೇ ವ್ಯವಸ್ಥೆ. ಬಲಬದಿಯಿಂದ ಒಳನುಗ್ಗಿ ಹತ್ತನೆಯ ನಿಮಿಷದಲ್ಲಿ ಮೊದಲ ಗೋಲು ಹೊಡೆದದ್ದು ಸ್ಟ್ರೈಕರ್. ಎರಡು ವರ್ಷಗಳ ಹಿಂದೆ ಕೆಲವು ನಿಮಿಷಗಳ ಆಟ ಬೇಡವೆಂದನೆಂಬ ಆರೋಪ ಹೊತ್ತಿದ್ದವನು ಈಗ ತನ್ನ ನಡುವಿನ ಜಾಗವನ್ನೇ ಬಿಟ್ಟುಕೊಟ್ಟಿದ್ದ. ತಂಡದ ಒಗ್ಗಟ್ಟಿಗೆ ಪುರಾವೆ ಬೇಕೆಂದರೆ ನಾನು ಮೂರು ಕಪ್‌ಗಳಿಗಿಂತ ಮೊದಲು ಇದನ್ನು ತೋರಿಸುತ್ತೇನೆ.

ಮರುವರ್ಷದ ವಿನಿಮಯ

2009ರ ಜುಲೈನಲ್ಲಿ ಅದೇ ಸ್ಟ್ರೈಕರ್‌ನನ್ನು ಕ್ಲಬ್ ಬಿಟ್ಟುಕೊಟ್ಟಿತು. ಆತನ ಜೊತೆಗೆ ಸುಮಾರು 4.6 ಕೋಟಿ ಯೂರೊ ಕೂಡ ಕೊಟ್ಟು ಮಿಲಾನ್ ನಗರದ ಇನ್ನೊಂದು ಕ್ಲಬ್ಬಿನಿಂದ 1.95 ಮೀಟರ್ ಎತ್ತರದ ಸ್ವೀಡನ್‌ನ ಸ್ಟ್ರೈಕರ್‌ನನ್ನು ತಂದಿತು. ಲೆಕ್ಕದಲ್ಲಿ ಇದಕ್ಕೊಂದು ಸಮರ್ಥನೆ ಇತ್ತು: ಹಳೆಯ ಸ್ಟ್ರೈಕರ್‌ನ ಒಪ್ಪಂದದಲ್ಲಿ ಒಂದೇ ವರ್ಷ ಉಳಿದಿತ್ತು, ಬಿಟ್ಟರೆ ಮರುವರ್ಷ ಆತ ಬಿಡಿಗಾಸೂ ತರದೆ ಹೋಗುತ್ತಿದ್ದ. ಆದರೆ ಕೋಚ್ ಕೊಟ್ಟ ಕಾರಣ ಹಣದ್ದಲ್ಲ. ಆಟದ ಬಗ್ಗೆ ತಕರಾರಿಲ್ಲ, ಮನಸ್ಸಿನ ಹೊಂದಿಕೆ ಸಾಲದೆಂಬ ಅರ್ಥದಲ್ಲಿ ಅವರು ಮಾತನಾಡಿದರು.

2008ರ ಮಾರಾಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ತಾರಾ ಆಟಗಾರ ಹೋದಾಗ ಏಕೆ ಹೋದನೆಂದು ಡ್ರೆಸ್ಸಿಂಗ್ ರೂಮಿಗೆ ಹೇಳಬೇಕಾಗಿರಲಿಲ್ಲ. ಎಲ್ಲರ ಕಣ್ಣೆದುರೇ ನಡೆದಿತ್ತು. ಸ್ಟ್ರೈಕರ್ ಹೋದಾಗ, ದುಡಿದವನು ಉಳಿಯುತ್ತಾನೆ ಎಂದು ಹಿಂದಿನ ಆಗಸ್ಟ್‌ನಲ್ಲಿ ಕಲಿಸಿದ ಪಾಠವನ್ನೇ ಅಳಿಸಿದಂತಾಯಿತು. ಅಷ್ಟೇ ಅಲ್ಲ, ಬಂದವನ ಜಾಗ ಯಾವುದೆಂಬುದು ಇತ್ಯರ್ಥವಾಗಿರಲಿಲ್ಲ. ಹೊಸಬ ಲೀಗ್‌ನ ಮೊದಲ ಐದು ಪಂದ್ಯಗಳಲ್ಲೂ ಗೋಲು ಹೊಡೆದ, ನವೆಂಬರ್‌ನಲ್ಲಿ ರಾಜಧಾನಿಯ ವೈರಿಯ ಮೇಲೆ ಗೆಲುವಿನ ಗೋಲೂ ಆತನದೇ. ಆದರೆ ಆತ ಎದುರಾಳಿ ಗೋಲಿನ ಮುಂದಿನ ಪೆಟ್ಟಿಗೆಯ ನಡುವೆ ನಿಂತು ಚೆಂಡು ಕೇಳುವ ಆಟಗಾರ, ಎಳೆಯ ಆಟಗಾರನಿಗೆ ಬೇಕಿದ್ದದ್ದೂ ಅದೇ ನಡುವಿನ ಜಾಗ. ಕೋಚ್ ಎಳೆಯವನ ಪರವಾಗಿ ನಿಂತರು, ಅದು ಸರಿಯೂ ಇರಬಹುದು. ಸರಿಯಲ್ಲದ್ದು, ಅದನ್ನು ಇನ್ನೊಬ್ಬನೊಡನೆ ಕುಳಿತು ಮಾತಾಡದೆ ಬಿಟ್ಟದ್ದು. ಕೋಚ್ ತನ್ನೊಡನೆ ಮಾತನ್ನೇ ನಿಲ್ಲಿಸಿದ್ದರೆಂದು ಆತ ಮುಂದೆ ಬಹಿರಂಗವಾಗಿ ದೂರಿದ. ಒಂದೇ ಋತುವಿನ ಬಳಿಕ, 2010ರ ಆಗಸ್ಟ್‌ನಲ್ಲಿ, ಆತನನ್ನು ತಾರಾ ಆಟಗಾರ ಹೋಗಿದ್ದ ಮಿಲಾನ್ ಕ್ಲಬ್ಬಿಗೆ ಎರವಲು ಕೊಡಲಾಯಿತು. ಮರುವರ್ಷ ಕೊಳ್ಳುವ ಬೆಲೆಯೆಂದು ಗೊತ್ತುಪಡಿಸಿದ್ದು 2.4 ಕೋಟಿ ಯೂರೊ. ತರುವಾಗ ಕೊಟ್ಟ ನಗದಿನ ಸುಮಾರು ಅರ್ಧ ಅದು, ಮೇಲೆ ಕೊಟ್ಟ ಸ್ಟ್ರೈಕರ್‌ನ ಬೆಲೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಆ ಋತುವಿನಲ್ಲೂ ಕ್ಲಬ್ 99 ಅಂಕಗಳೊಂದಿಗೆ ಲೀಗ್ ಗೆದ್ದಿತು. ಎಡವಿದ್ದು ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ನಲ್ಲಿ, ಎದುರಾಳಿ ಅದೇ ವಿನಿಮಯ ಮಾಡಿಕೊಂಡ ಮಿಲಾನ್‌ನ ಕ್ಲಬ್. ಎರಡನೆಯ ಪಂದ್ಯದಲ್ಲಿ ಅರ್ಧ ಗಂಟೆಯೊಳಗೇ ಆ ತಂಡದ ಒಬ್ಬ ಆಟಗಾರ ಕೆಂಪು ಚೀಟಿ ಪಡೆದು ಹೊರನಡೆದ. ಆಮೇಲೆ ಬಿಟ್ಟುಕೊಟ್ಟ ಹಳೆಯ ಸ್ಟ್ರೈಕರ್ ಬಹುಪಾಲು ರಕ್ಷಣಾ ಆಟಗಾರನಂತೆ ತನ್ನ ಗೋಲಿನ ಬಳಿಯೇ ನಿಂತು ಹೋರಾಡಿದ. ಒಟ್ಟು 3–2ರಿಂದ ಆ ತಂಡ ಫೈನಲ್‌ಗೆ ಹೋಗಿ ಕಪ್ ಗೆದ್ದಿತು. ಹೊಂದಿಕೆ ಸಾಲದೆಂದು ಕಳುಹಿಸಲ್ಪಟ್ಟವನು ಸತತ ಎರಡನೆಯ ವರ್ಷವೂ ಮೂರು ಪ್ರಶಸ್ತಿಗಳನ್ನು ಗೆದ್ದ ತಂಡದಲ್ಲಿದ್ದ.

2008ರಲ್ಲಿ ಹೋದ ತಾರಾ ಆಟಗಾರನ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಆತನ ಆಟ ಮುಗಿದೇಹೋಗಿತ್ತೆಂದು ಮಾರಾಟವನ್ನು ಸಮರ್ಥಿಸುವವರು ಹೇಳುವುದುಂಟು. 2013ರಲ್ಲಿ ಆತ ತಾಯ್ನಾಡಿನ ಕ್ಲಬ್ ಒಂದರ ಪರವಾಗಿ ಆಡಿ ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯನ್ನು ಗೆದ್ದ. ಮಾರಾಟ ಸರಿಯಾಗಿತ್ತೆಂದು ಹೇಳಲು ಆತನನ್ನು ಸಣ್ಣವನನ್ನಾಗಿ ಮಾಡಬೇಕಾಗಿಲ್ಲ. ಆ ತಂಡದಲ್ಲಿ, ಆ ಹೊತ್ತಿನಲ್ಲಿ, ಆತನಿಗೊಂದು ಮತ್ತು ಉಳಿದವರಿಗೊಂದು ನಿಯಮ ಬೆಳೆದುಬಿಟ್ಟಿತ್ತು, ಆತ ಅಲ್ಲೇ ಇದ್ದಷ್ಟು ದಿನ ಅದನ್ನು ಒಂದು ಮಾಡುವುದು ಹೊಸ ಕೋಚ್‌ಗೆ ಸಾಧ್ಯವಿರಲಿಲ್ಲ.

2010ರ ಬೇಸಿಗೆಯಲ್ಲಿ ಕ್ಲಬ್ ಮತ್ತೊಬ್ಬ ಸ್ಟ್ರೈಕರ್‌ನನ್ನು ಕೊಂಡಿತು, ಸುಮಾರು 4 ಕೋಟಿ ಯೂರೊಗೆ, ಸ್ಪೇನ್‌ನ ರಾಷ್ಟ್ರೀಯ ತಂಡದವನನ್ನು. ವೃತ್ತಿಯುದ್ದಕ್ಕೂ ಹೆಚ್ಚಾಗಿ ನಡುವಿನಲ್ಲೇ ಆಡಿ ಗೋಲು ಹೊಡೆದಿದ್ದ ಆತ ಇಲ್ಲಿ ಎಡಬದಿಯಲ್ಲಿ ಆಡಲು ಒಪ್ಪಿ ಬಂದ, ನಡುವಿನ ಜಾಗ ಎಳೆಯ ಆಟಗಾರನಿಗೇ ಉಳಿಯಿತು. 2011ರ ಮೇ 28ರಂದು ಲಂಡನ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ತಂಡ 3–1ರಿಂದ ಗೆದ್ದಾಗ ಎರಡನೆಯ ಗೋಲು ಎಳೆಯವನದು, ಮೂರನೆಯದು ಈತನದು.